ಮೈಕೈ ನೋವಿಗೆ ಯಾವುದು ಸರಿ: ರೋಲರ್, ಮಸಾಜ್ ಗನ್, ಎಣ್ಣೆ ಸ್ನಾನ, ಐಸ್ ಅಥವಾ ಫಿಸಿಯೋ?

ಓಟದ ಸೀಸನ್ ಶುರುವಾದರೆ ಸಾಕು, ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಸ್ನಾಯುವಿನ ಮೇಲೆ ಪಟಪಟ ಬಡಿಯುವ ಮಸಾಜ್ ಗನ್ ಮಷಿನ್ ತಗೊಳ್ಳಲಾ, ಮೈ ಕೆಳಗಿಟ್ಟು ಉರುಳಿಸುವ ಫೋಮ್ ರೋಲರ್ ಸಾಕಾ? ಐಸ್ ನೀರಲ್ಲಿ ಕೂತರೆ ನಿಜವಾಗ್ಲೂ ಪ್ರಯೋಜನ ಇದೆಯಾ? ಅಜ್ಜಿ ಹೇಳುವ ಎಣ್ಣೆ ಸ್ನಾನವೇ ಸಾಕಲ್ವಾ? ಕೇಳುವವರೆಲ್ಲ ಓಟಗಾರರೇ ಅಲ್ಲ. ಭಾನುವಾರ ಶಟಲ್ ಆಡುವವರಿದ್ದಾರೆ, ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂರುವವರಿದ್ದಾರೆ, ನಾಟಿ ಮುಗಿಸಿ ಸೊಂಟ ಹಿಡಿದುಕೊಂಡವರಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡೋಕಾಗಲ್ಲ. ಆದರೆ ಯಾವುದನ್ನು ಹೇಗೆ ತೂಗಿ ನೋಡಬೇಕು ಅನ್ನುವುದನ್ನು ಹೇಳಬಹುದು. ಅಷ್ಟು ಗೊತ್ತಾದರೆ ಅಂಗಡಿಯಲ್ಲಿ ಅರ್ಧ ದುಡ್ಡು ಉಳಿಯುತ್ತದೆ.

ಮೊದಲು ನೋವು ಯಾವ ಥರದ್ದು ನೋಡಿ

ಎಲ್ಲಕ್ಕಿಂತ ಮುಖ್ಯ ಇದೇ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದ ದಿನ ಅಷ್ಟೇನೂ ಅನ್ನಿಸುವುದಿಲ್ಲ. ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದೆ. ಅದರ ಮಾರನೇ ದಿನ ಕುರ್ಚಿಯಿಂದ ಏಳುವಾಗ 'ಅಮ್ಮಾ' ಅನ್ನುವಂತಾಗುತ್ತದೆ. ಹೀಗೆ ತಡವಾಗಿ ಬರುವ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಜಾಸ್ತಿಯಾಗಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ತುಂಬಾ ಜನ ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಇನ್ನೂ ನಂಬಿದ್ದಾರೆ. ಅದು ಸರಿಯಲ್ಲ. ದಣಿದಾಗ ರಕ್ತದಲ್ಲಿ ಹೆಚ್ಚುವ ಅದರ ರೂಪ, ಲ್ಯಾಕ್ಟೇಟ್, ಒಂದೆರಡು ಗಂಟೆಯೊಳಗೆ ರಕ್ತದಿಂದ ಕರಗಿಹೋಗಿರುತ್ತದೆ. ನೋವು ಬರುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನಿಂದ, ಅದನ್ನು ರಿಪೇರಿ ಮಾಡಲು ದೇಹ ನಡೆಸುವ ಕೆಲಸದಿಂದ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾದಾಗ ಈ ಪೆಟ್ಟು ಜಾಸ್ತಿ. ಹತ್ತುವುದಕ್ಕಿಂತ ಇಳಿಯುವುದು ತೊಡೆಗೆ ಕಷ್ಟವಾಗುವುದು ಅದಕ್ಕೇ. ಎರಡು ವಾರ ಬಿಟ್ಟು ಅದೇ ಮೆಟ್ಟಿಲು ಇಳಿದು ನೋಡಿ, ನೋವು ಎಷ್ಟೋ ಕಡಿಮೆ ಇರುತ್ತದೆ. ದೇಹ ಅಷ್ಟು ಬೇಗ ಕಲಿಯುತ್ತದೆ.

ಈ ಥರದ ನೋವಿಗೆ ಕೆಳಗೆ ಹೇಳುವ ಯಾವುದಾದರೂ ಆದೀತು. ಆದರೆ ಪಾದ ಉಳುಕಿ ತಕ್ಷಣ ಊದಿಕೊಂಡಿದ್ದರೆ, ಕಾಲೂರಿ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಕೈಕಾಲು ಜೋಮು ಹಿಡಿದಂತಿದ್ದರೆ, ಒಂದೇ ಕಡೆಯ ಮೀನಖಂಡ ಊದಿ ಬಿಸಿಯಾಗಿದ್ದರೆ ರೋಲರೂ ಬೇಡ, ಗನ್ನೂ ಬೇಡ, ಉಜ್ಜುವುದೂ ಬೇಡ. ನೇರ ಡಾಕ್ಟರ ಹತ್ತಿರ ಹೋಗಿ. ಅತಿಯಾಗಿ ವ್ಯಾಯಾಮ ಮಾಡಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಸ್ನಾಯು ತೀವ್ರವಾಗಿ ಒಡೆದು ಕಿಡ್ನಿಗೆ ಹೊರೆಯಾಗುತ್ತಿರುವ ಸೂಚನೆ ಅದು.

ನೋವಿನ ಬಗೆ ಗೊತ್ತಾದ ಮೇಲೆ ನೋಡಬೇಕಾದ ವಿಷಯ, ನಾಳೆ ಏನಿದೆ ಅನ್ನುವುದು. ನಾಳೆ ಬೆಳಿಗ್ಗೆಯೇ ಇನ್ನೊಂದು ಮ್ಯಾಚ್ ಇರುವ ಕಬಡ್ಡಿ ಆಟಗಾರನಿಗೂ, ಮೂರು ತಿಂಗಳಲ್ಲಿ ಮೈ ಕಟ್ಟಬೇಕು ಅಂತ ಜಿಮ್‌ಗೆ ಹೋಗುವ ಹುಡುಗನಿಗೂ ಬೇಕಾದದ್ದು ಬೇರೆ ಬೇರೆ. ಆಮೇಲೆ ದುಡ್ಡು. ಒಂದು ಸಲ ಹಾಕುವ ದುಡ್ಡಾ, ಪ್ರತಿ ವಾರ ಹಾಕುವ ದುಡ್ಡಾ ಅಂತ ಬೇರೆ ಮಾಡಿ ನೋಡಿ. ಒಬ್ಬರೇ ಮಾಡಿಕೊಳ್ಳಬಹುದಾ, ಇನ್ನೊಬ್ಬರ ಕೈ ಬೇಕಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ನಿಮ್ಮ ದೇಹದ ಸ್ಥಿತಿ: ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ರಕ್ತ ತೆಳುವಾಗಲು ಮಾತ್ರೆ, ಬಸಿರು, ಕಾಲಲ್ಲಿ ಉಬ್ಬಿದ ನರ. ಇವುಗಳಲ್ಲಿ ಒಂದಿದ್ದರೂ ಆಯ್ಕೆ ಬದಲಾಗುತ್ತದೆ.

ದುಡ್ಡು ಬೇಡದ ಎರಡು

ಏನನ್ನೇ ಕೊಳ್ಳುವ ಮೊದಲು ನಿದ್ದೆ, ಊಟ ಎರಡನ್ನೂ ಸರಿ ಮಾಡಿಕೊಳ್ಳಿ. ಇದನ್ನು ಸುಮ್ನೆ ಉಪದೇಶಕ್ಕೆ ಹೇಳುತ್ತಿಲ್ಲ. ಐದು ಗಂಟೆ ಮಲಗಿ ಹತ್ತು ಸಾವಿರದ ಮಷಿನ್ ಇಟ್ಟುಕೊಂಡವರಿಗಿಂತ, ಎಂಟು ಗಂಟೆ ಮಲಗಿ ಏನೂ ಇಲ್ಲದವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಜೋರಾಗಿ ತಾಲೀಮು ಮಾಡುವವರಿಗೆ ಇನ್ನೂ ಜಾಸ್ತಿ. ಪ್ರೋಟೀನ್ ವಿಷಯದಲ್ಲಿ, ನಿಯಮಿತವಾಗಿ ಕಷ್ಟದ ವ್ಯಾಯಾಮ ಮಾಡುವವರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 2 ಗ್ರಾಂ ಅಂತ ಕ್ರೀಡಾ ಪೋಷಣೆಯ ಲೆಕ್ಕ. 60 ಕೆಜಿ ಇರುವವರಿಗೆ ಕನಿಷ್ಠ 72 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಮುದ್ದೆ, ತಿಳಿಸಾರು, ಅನ್ನದಲ್ಲಿ ಈ ಲೆಕ್ಕ ತುಂಬುವುದಿಲ್ಲ. ಜೊತೆಗೆ ಕಾಳಿನ ಹುಳಿ, ಮೊಸರು, ಹುರಿಗಡಲೆ, ಮೊಟ್ಟೆ ಅಥವಾ ಮೀನು ಬೇಕೇ ಬೇಕು.

ಫೋಮ್ ರೋಲರ್

500ರಿಂದ 1,500 ರೂಪಾಯಿ ಒಳಗೆ ಸಿಗುತ್ತದೆ. ಚಾರ್ಜ್ ಬೇಡ, ಕೆಡುವುದಿಲ್ಲ, ವರ್ಷಗಟ್ಟಲೆ ಬರುತ್ತದೆ. ಪರಿಣಾಮ ದೊಡ್ಡದಲ್ಲ, ಆದರೆ ಇದೆ. ನೋವು ಸ್ವಲ್ಪ ಕಡಿಮೆ ಅನ್ನಿಸುತ್ತದೆ, ಬಿಗಿದ ಕಾಲು ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಗಂಟು ಒಡೆಯುತ್ತದೆ, ಒಳಗಿನ ಪೊರೆ ಬಿಡಿಸುತ್ತದೆ ಅನ್ನುವ ಮಾತೆಲ್ಲ ಉತ್ಪ್ರೇಕ್ಷೆ.

ಬಳಸುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಮೀನಖಂಡಕ್ಕಾದರೆ ನೆಲದ ಮೇಲೆ ಕಾಲು ಚಾಚಿ ಕೂತು, ರೋಲರನ್ನು ಹಿಮ್ಮಡಿಗಿಂತ ಒಂದು ಗೇಣು ಮೇಲೆ ಇಡಿ. ಎರಡೂ ಅಂಗೈ ಹಿಂದೆ ಊರಿ ಪಿರ್ರೆಯನ್ನು ಚೂರು ಎತ್ತಿ. ಒಂದು ಇಂಚಿನಂತೆ ನಿಧಾನವಾಗಿ ಮಂಡಿಯ ಕೆಳಗಿನ ತನಕ ಬನ್ನಿ. ಮಂಡಿಯ ಹಿಂದಿನ ಗುಳಿಯ ಮೇಲೆ ಉರುಳಿಸಬೇಡಿ, ಅಲ್ಲಿ ರಕ್ತನಾಳ ಮತ್ತು ನರ ಮೇಲುಗಡೆಯೇ ಇರುತ್ತವೆ. ತುಂಬಾ ನೋಯುವ ಜಾಗ ಸಿಕ್ಕರೆ ಅಲ್ಲೇ ನಿಂತು ನಾಲ್ಕೈದು ಸಲ ಉಸಿರಾಡಿ ಮುಂದೆ ಹೋಗಿ. ಒಂದು ಕಾಲಿಗೆ ಒಂದೂವರೆ ನಿಮಿಷ ಸಾಕು. ಹಲ್ಲು ಕಚ್ಚಿ ತಡೆಯುವಷ್ಟು ನೋವಾದರೆ ಒತ್ತಡ ಜಾಸ್ತಿಯಾಗಿದೆ ಅಂತ ಅರ್ಥ. ಮುಳ್ಳುಮುಳ್ಳಾದ ಗಟ್ಟಿ ರೋಲರ್ ಮೊದಲ ಸಲ ತಗೊಳ್ಳುವವರಿಗೆ ಬೇಡ, ಮಧ್ಯಮ ಗಟ್ಟಿಯದ್ದು ತಗೊಳ್ಳಿ.

ಇದರ ದೊಡ್ಡ ತೊಂದರೆ ಒಂದೇ: ನೆಲಕ್ಕೆ ಕೂತು ಏಳಬೇಕು, ಕೈ ಮೇಲೆ ಭಾರ ಹಾಕಬೇಕು. ಮಂಡಿ ನೋವಿರುವ ಅರವತ್ತು ದಾಟಿದವರಿಗೆ ಇದು ಆಗಿಬರುವುದಿಲ್ಲ.

ಮಸಾಜ್ ಗನ್

ಸಣ್ಣದು 1,500 ರೂಪಾಯಿಯಿಂದ ಶುರುವಾಗಿ ಹೆಸರಾಂತ ಬ್ರ್ಯಾಂಡ್ ಆದರೆ ಹತ್ತಾರು ಸಾವಿರದವರೆಗೂ ಹೋಗುತ್ತದೆ. ನಿಜ ಹೇಳಬೇಕೆಂದರೆ ಇದು ಮಾಡುವ ಕೆಲಸ ಹೆಚ್ಚುಕಡಿಮೆ ರೋಲರ್ ಮಾಡುವುದೇ. ಲಾಭ ಇರುವುದು ಅನುಕೂಲದಲ್ಲಿ. ಕುರ್ಚಿಯಲ್ಲಿ ಕೂತೇ ಮಾಡಿಕೊಳ್ಳಬಹುದು, ಎರಡು ನಿಮಿಷದಲ್ಲಿ ಮುಗಿಯುತ್ತದೆ, ಆಟಕ್ಕೆ ಮೊದಲು ಬಿಗಿದ ತೊಡೆಯನ್ನು ಬೇಗ ಸಡಿಲ ಮಾಡಿಕೊಳ್ಳಬಹುದು. ನೆಲಕ್ಕೆ ಕೂರಲು ಆಗದವರಿಗೆ ಇಷ್ಟೇ ಕಾರಣ ಸಾಕು.

ಕೊಳ್ಳುವುದಾದರೆ ಸ್ಪೀಡ್ ಎಷ್ಟಿದೆ ಅನ್ನುವುದಕ್ಕಿಂತ ತೂಕ ನೋಡಿ. ಒಂದು ಕೆಜಿ ತೂಗುವ ಗನ್ನನ್ನು ಹಿಂದಕ್ಕೆ ಕೈ ತಿರುಗಿಸಿ ಬೆನ್ನಿಗೆ ಹಿಡಿದರೆ ಅರ್ಧ ನಿಮಿಷದಲ್ಲಿ ಭುಜವೇ ನೋಯುತ್ತದೆ. ಅರ್ಧ ಕೆಜಿಯೊಳಗಿನದ್ದು ಮನೆಗೆ ಸಾಕು. ಗನ್ನಿನ ತುದಿಗೆ ಸಿಕ್ಕಿಸುವ ತಲೆಗಳಲ್ಲಿ ಗುಂಡನೆಯದ್ದು, ಚಪ್ಪಟೆಯದ್ದು ಎರಡೇ ಬಳಕೆಗೆ ಬರುವುದು. ಚೂಪಾದ ತಲೆಯನ್ನು ತೆಗೆದು ಡಬ್ಬಿಯಲ್ಲೇ ಇಡಿ. ಯಾವಾಗಲೂ ಕಡಿಮೆ ಸ್ಪೀಡಲ್ಲಿ ಶುರುಮಾಡಿ, ಒತ್ತಬೇಡಿ, ಅದರ ತೂಕಕ್ಕೇ ಬಿಡಿ.

ಕತ್ತಿನ ಮುಂಭಾಗ ಮತ್ತು ಪಕ್ಕ, ಬೆನ್ನುಹುರಿಯ ಮೇಲೆ, ಮೂಳೆ ತೋರುವ ಜಾಗ, ಉಬ್ಬಿದ ನರ, ಹೊಸ ಗಾಯ, ಇಲ್ಲೆಲ್ಲ ಇಡಲೇಬಾರದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಅತಿಯಾಗಿ ಬಳಸಿ ಸ್ನಾಯು ಒಡೆದು ಆಸ್ಪತ್ರೆ ಸೇರಿದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಪರೂಪ ಹೌದು, ಆದರೆ ಆಟದ ಸಾಮಾನಲ್ಲ ಅನ್ನುವುದು ಗೊತ್ತಿರಲಿ. ಮಕ್ಕಳ ಕೈಗಂತೂ ಕೊಡಬೇಡಿ.

ಕೈಯ ಮಸಾಜ್ ಮತ್ತು ಎಣ್ಣೆ ಸ್ನಾನ

ನನ್ನ ಒಲವು ಇಲ್ಲಿಗೇ, ಮುಚ್ಚಿಡುವುದಿಲ್ಲ. ಒಲವಿಗೆ ಕಾರಣವೂ ಇದೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು 99 ಅಧ್ಯಯನಗಳನ್ನು ಒಟ್ಟಿಗೆ ಹಾಕಿ, ವ್ಯಾಯಾಮದ ನಂತರದ ಚೇತರಿಕೆಗೆ ಯಾವುದು ಮೇಲು ಅಂತ ನೋಡಿದರು. ಮಸಾಜ್, ತಣ್ಣೀರು, ಬಿಗಿ ಬಟ್ಟೆ, ಸ್ಟ್ರೆಚಿಂಗ್ ಎಲ್ಲ ಅದರಲ್ಲಿತ್ತು. ನೋವು ಮತ್ತು ಸುಸ್ತು ಎರಡನ್ನೂ ತಗ್ಗಿಸುವುದರಲ್ಲಿ ಮಸಾಜ್ ಮುಂದಿತ್ತು. ಸ್ಟ್ರೆಚಿಂಗ್‌ನಿಂದ ಮಾರನೇ ದಿನದ ನೋವು ಕಡಿಮೆಯಾಗುವುದು ಅಷ್ಟಕ್ಕಷ್ಟೇ.

ನಮ್ಮ ಗರಡಿ ಮನೆಗಳಲ್ಲಿ ಇದು ಮೊದಲಿಂದಲೂ ಇರುವ ಪದ್ಧತಿ. ಸಾಮು ಮುಗಿದ ಮೇಲೆ ಪೈಲ್ವಾನರು ಒಬ್ಬರಿಗೊಬ್ಬರು ಮೈ ತಿಕ್ಕುತ್ತಾರೆ. ಮೈಸೂರು ದಸರೆಯಲ್ಲಿ ವಜ್ರಮುಷ್ಟಿ ಕಾಳಗ ಆಡುವ ಜಟ್ಟಿಗಳ ಮನೆತನಗಳು ಮೂಳೆ ಕಟ್ಟುವುದರಲ್ಲೂ ಹೆಸರಾಗಿದ್ದವು. ಮೈಗೆ ಪೆಟ್ಟು ಕೊಡುವುದನ್ನು ಕಲಿತವರು ಅದನ್ನು ನೋಡಿಕೊಳ್ಳುವುದನ್ನೂ ಜೊತೆಗೇ ಕಲಿತರು.

ಸ್ಪೋರ್ಟ್ಸ್ ಮಸಾಜ್ ಅಂತ ಹೊರಗೆ ಹೋದರೆ ದೊಡ್ಡ ಊರುಗಳಲ್ಲಿ ಗಂಟೆಗೆ 1,500ರಿಂದ 3,000 ರೂಪಾಯಿವರೆಗೆ ಕೇಳುತ್ತಾರೆ. ತಿಂಗಳಿಗೆ ಎರಡು ಸಲ ಅಂದರೂ ವರ್ಷಕ್ಕೆ ದೊಡ್ಡ ಮೊತ್ತ. ದೊಡ್ಡ ಓಟ ಮುಗಿದ ಮೇಲೆ ಒಂದು ಸಲ ಮಾಡಿಸಿಕೊಂಡರೆ ಸರಿ, ಪ್ರತಿ ವಾರ ಎಲ್ಲರಿಗೂ ಆಗುವಂಥದ್ದಲ್ಲ.

ಮನೆಯ ಎಣ್ಣೆ ಸ್ನಾನಕ್ಕೆ ಬೇಕಾದ್ದು ಒಂದು ಬಟ್ಟಲು ಎಳ್ಳೆಣ್ಣೆ. ಕೊಬ್ಬರಿ ಎಣ್ಣೆಯೂ ಆದೀತು, ಹರಳೆಣ್ಣೆ ಅಂಟು ಜಾಸ್ತಿ, ಅದನ್ನು ಇನ್ನೊಂದಕ್ಕೆ ಬೆರೆಸಿಕೊಳ್ಳಿ. ಎಣ್ಣೆಯನ್ನು ಒಲೆ ಮೇಲೆ ನೇರ ಕಾಯಿಸಬೇಡಿ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಪಾದದಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಅಂಗಾಲನ್ನು ಹೆಬ್ಬೆರಳಿಂದ ಹಿಮ್ಮಡಿಯ ಕಡೆಗೆ ಒತ್ತಿ ನೀವಿ. ಮೀನಖಂಡವನ್ನು ಎರಡೂ ಅಂಗೈ ನಡುವೆ ಹಿಡಿದು ಹಿಟ್ಟು ನಾದಿದಂತೆ ನಾದಿ. ಮಂಡಿಯ ಸುತ್ತ ಬರೀ ಬೆರಳ ತುದಿಯಿಂದ ಸುತ್ತು ಹಾಕಿ. ಬೆನ್ನಿಗೆ ಮಾತ್ರ ಇನ್ನೊಬ್ಬರ ಕೈ ಬೇಕು. ಇಪ್ಪತ್ತು ನಿಮಿಷ ಬಿಟ್ಟು ಬಿಸಿನೀರು ಹಾಕಿಕೊಂಡು ಸೀಗೆಪುಡಿಯೋ ಕಡ್ಲೆಹಿಟ್ಟೋ ಹಚ್ಚಿ ತೊಳೆಯಿರಿ. ಎಣ್ಣೆಗಿಂತ ಕೆಲಸ ಮಾಡುವುದು ಕೈಯ ಒತ್ತಡ ಮತ್ತು ನೀರಿನ ಬಿಸಿ, ಹಾಗಾಗಿ ದುಬಾರಿ ತೈಲಕ್ಕೆ ದುಡ್ಡು ಸುರಿಯಬೇಕಿಲ್ಲ. ಆ ರಾತ್ರಿ ಬರುವ ನಿದ್ದೆಯೂ ಚೇತರಿಕೆಯದ್ದೇ ಒಂದು ಭಾಗ.

ಎಚ್ಚರ ಎರಡು. ಒಂದು, ಎಣ್ಣೆ ಚೆಲ್ಲಿದ ಬಚ್ಚಲಲ್ಲಿ ಜಾರಿ ಬಿದ್ದರೆ ಮೂಳೆ ಮುರಿಯುತ್ತದೆ. ವಯಸ್ಸಾದವರು ಸ್ಟೂಲ್ ಮೇಲೆ ಕೂತೇ ಸ್ನಾನ ಮಾಡಲಿ, ಕೆಳಗೆ ಒರಟು ಚಾಪೆ ಇರಲಿ. ಇನ್ನೊಂದು, ಈಗಷ್ಟೇ ಉಳುಕಿದ ಕಾಲನ್ನು ಎಣ್ಣೆ ಹಚ್ಚಿ ಎಳೆದು ಉಜ್ಜುವ ರೂಢಿ. ಊರುಗಳಲ್ಲಿ ಇದು ಇನ್ನೂ ಇದೆ. ಮೂಳೆಗೆ ಮೂಳೆ ಜೋಡಿಸುವ ಪಟ್ಟಿ, ಅಂದರೆ ಲಿಗಮೆಂಟ್, ಹರಿದಿದ್ದಾಗ ಎಳೆದರೆ ಇನ್ನಷ್ಟು ಹರಿಯುತ್ತದೆ. ಒಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಕತೆ ಇನ್ನೂ ಕಷ್ಟ. ದಯವಿಟ್ಟು ಬೇಡ.

ತಣ್ಣಗೋ, ಬಿಸಿಯೋ?

ಪೆಟ್ಟಾದ ಕೂಡಲೇ ವಿಶ್ರಾಂತಿ, ಐಸ್, ಬಿಗಿ ಕಟ್ಟು, ಕಾಲು ಎತ್ತರಕ್ಕೆ ಅನ್ನುವ ಸೂತ್ರವನ್ನು ಎಲ್ಲರೂ ಕೇಳಿರುತ್ತೀರಿ. 1978ರಲ್ಲಿ ಅದನ್ನು ಜನಪ್ರಿಯ ಮಾಡಿದವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡ ಮಾಡಬಹುದು ಅಂತ 2014ರಲ್ಲಿ ಅವರೇ ಬರೆದರು. ಈಗಿನ ಸಲಹೆ ಹೆಚ್ಚುಕಡಿಮೆ ಹೀಗಿದೆ: ಮೊದಲ ಒಂದೆರಡು ದಿನ ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ, ಆಮೇಲೆ ನೋವು ಜಾಸ್ತಿಯಾಗದಷ್ಟು ನಿಧಾನಕ್ಕೆ ಓಡಾಡಲು ಶುರುಮಾಡಿ.

ಇನ್ನು ಮೈಯೆಲ್ಲ ಮುಳುಗಿಸುವ ಐಸ್ ಸ್ನಾನ. 10ರಿಂದ 15 ಡಿಗ್ರಿ ನೀರಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ಮಾರನೇ ದಿನದ ನೋವು ಕಡಿಮೆಯಾಗುತ್ತದೆ, ಇದಕ್ಕೆ ಆಧಾರ ಇದೆ. ಆದರೆ ಬೆಲೆ ತೆರಬೇಕು. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಹನ್ನೆರಡು ವಾರ ಭಾರ ಎತ್ತುವ ವ್ಯಾಯಾಮದ ನಂತರ ತಣ್ಣೀರಲ್ಲಿ ಕೂತವರ ಸ್ನಾಯು, ಸುಮ್ಮನೆ ಹಗುರವಾಗಿ ಸೈಕಲ್ ತುಳಿದವರಷ್ಟು ಬೆಳೆಯಲಿಲ್ಲ. ನಾಳೆಯೇ ಮತ್ತೆ ಆಡಬೇಕಾದವರಿಗೆ ಐಸ್ ಸ್ನಾನ ಉಪಯೋಗಕ್ಕೆ ಬರುತ್ತದೆ. ಮೈ ಕಟ್ಟುವವರಿಗೆ ಪ್ರತಿ ದಿನ ಜಿಮ್ ಮುಗಿಸಿ ತಕ್ಷಣ ಕೂರುವುದು ನಷ್ಟ.

ಮನೆಯಲ್ಲಿ ಮಾಡುವ ಕಷ್ಟವನ್ನೂ ಲೆಕ್ಕ ಹಾಕಿ. ನೂರು ಲೀಟರ್ ನೀರನ್ನು 24 ಡಿಗ್ರಿಯಿಂದ 14ಕ್ಕೆ ಇಳಿಸಲು ಸುಮಾರು 11 ಕೆಜಿ ಐಸ್ ಬೇಕು. ಫ್ರಿಜ್ಜಿನ ಟ್ರೇಗಳಿಂದ ಇದು ಆಗದ ಕೆಲಸ. ಪ್ರತಿ ಸಲ ಐಸ್ ತರಿಸಬೇಕು, ಆ ನೀರನ್ನು ಚೆಲ್ಲಬೇಕು. ನೀರಿಗೆ ಟ್ಯಾಂಕರ್ ಕಾಯುವ ಬಡಾವಣೆಯಲ್ಲಿ ಇರುವವರಿಗೆ ನಾನಂತೂ ಇದನ್ನು ಹೇಳುವುದಿಲ್ಲ. ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು ಹತ್ತಿರವೂ ಹೋಗಬಾರದು. ತಣ್ಣೀರಿಗೆ ಇಳಿದ ಕ್ಷಣ ಉಸಿರು ಸಿಕ್ಕಿಕೊಂಡು ಬಿಪಿ ಏರುತ್ತದೆ.

ಬಿಸಿ ಇದಕ್ಕಿಂತ ಎಷ್ಟೋ ಸುಲಭ. ಮುನ್ನೂರು ರೂಪಾಯಿ ಆಸುಪಾಸಿನ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಹದಿನೈದು ನಿಮಿಷ ಶಾಖ ಕೊಡಿ. ಬಿಗಿದ ಸೊಂಟಕ್ಕೆ, ಕೂತು ಕೂತು ಹಿಡಿದ ಕತ್ತಿಗೆ, ಹಳೆಯ ಮಂಡಿ ನೋವಿಗೆ ಇದು ಹಿತ. ಹೊಸದಾಗಿ ಊದಿದ ಜಾಗಕ್ಕೆ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ, ಅಂಥವರ ಪಾದಕ್ಕೆ ಶಾಖ ಕೊಡಲೇಬೇಡಿ.

ಮುಲಾಮು, ಬಿಗಿ ಸಾಕ್ಸ್, ಮಾತ್ರೆ

ಅಯೋಡೆಕ್ಸ್, ಮೂವ್ ಥರದವು ಚರ್ಮಕ್ಕೆ ಬಿಸಿ ಅಥವಾ ತಂಪು ಅನ್ನಿಸುವಂತೆ ಮಾಡಿ ನೋವನ್ನು ಮರೆಸುತ್ತವೆ. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಇರುವ ಜೆಲ್ ಉರಿಯೂತವನ್ನೂ ಸ್ವಲ್ಪ ತಗ್ಗಿಸುತ್ತದೆ. ಎರಡರಲ್ಲಿ ಯಾವುದನ್ನು ಹಚ್ಚಿದರೂ ಅದರ ಮೇಲೆ ಶಾಖ ಕೊಡಬೇಡಿ, ಚರ್ಮ ಸುಡಬಹುದು. ಬಿಗಿ ಸಾಕ್ಸ್ ಸಣ್ಣ ಲಾಭ, ಸಣ್ಣ ಖರ್ಚು. ರಾತ್ರಿ ಬಸ್ಸಲ್ಲಿ ಊರಿಗೆ ವಾಪಸ್ ಬರುವ ಓಟಗಾರರಿಗೆ ಹಾಕಿಕೊಳ್ಳಿ ಅನ್ನುತ್ತೇನೆ. ಗಾಳಿ ತುಂಬಿ ಕಾಲನ್ನು ಒತ್ತುವ ಬೂಟುಗಳಿಗೆ ಹತ್ತಾರು ಸಾವಿರ, ಅಷ್ಟು ಬೆಲೆಗೆ ತಕ್ಕ ಲಾಭ ಕಾಣುವುದಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಮೈಮೇಲೆ ಕಂಡ ಕೆಂಪು ಗುರುತುಗಳಿಂದ ಕಪ್ಪಿಂಗ್, ಅಂದರೆ ಬಟ್ಟಲು ಕವುಚಿ ಚರ್ಮವನ್ನು ಮೇಲಕ್ಕೆ ಎಳೆಯುವ ಚಿಕಿತ್ಸೆ, ಹೆಸರಾಯಿತು. ಅದರ ಪರವಾಗಿ ಗಟ್ಟಿ ಆಧಾರ ಇನ್ನೂ ಇಲ್ಲ. ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ಮಾತ್ರ ನಿಜಕ್ಕೂ ಅಪಾಯ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್ ಥರದ ಮಾತ್ರೆ ಕಿಡ್ನಿಗೆ ಹೊಡೆತ ಕೊಡುತ್ತದೆ.

ಫಿಸಿಯೋಥೆರಪಿ

ಮೇಲಿನವೆಲ್ಲ ನೋವು ತಗ್ಗಿಸುತ್ತವೆ. ನೋವು ಯಾಕೆ ಬಂತು ಅಂತ ಹುಡುಕುವುದು ಫಿಸಿಯೋ ಮಾತ್ರ. ಬೆಂಗಳೂರಲ್ಲಿ ಖಾಸಗಿ ಕ್ಲಿನಿಕ್‌ನಲ್ಲಿ ಒಂದು ಸಲಕ್ಕೆ ಸುಮಾರು 500ರಿಂದ 1,000 ರೂಪಾಯಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ತುಂಬಾ ಕಡಿಮೆ ಖರ್ಚಿಗೆ ಸಿಗುತ್ತದೆ, ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಬೇಕು.

ಒಳ್ಳೆಯ ಫಿಸಿಯೋ ಯಾರು ಅಂತ ಮೊದಲ ಭೇಟಿಯಲ್ಲೇ ಗೊತ್ತಾಗುತ್ತದೆ. ನೀವು ನಡೆಯುವುದನ್ನು, ಕುಕ್ಕರಗಾಲಲ್ಲಿ ಕೂರುವುದನ್ನು, ಒಂದೇ ಕಾಲಲ್ಲಿ ನಿಲ್ಲುವುದನ್ನು ನೋಡುತ್ತಾರೆ. ಕೆಲಸ ಏನು, ಶೂ ಯಾವುದು, ಇತ್ತೀಚೆಗೆ ಓಟ ಜಾಸ್ತಿ ಮಾಡಿದ್ರಾ ಅಂತ ಕೇಳುತ್ತಾರೆ. ಮನೆಯಲ್ಲಿ ಮಾಡಲು ಮೂರ್ನಾಲ್ಕು ವ್ಯಾಯಾಮ ಹೇಳಿಕೊಟ್ಟು, ನಿಮ್ಮಿಂದ ಮಾಡಿಸಿ ನೋಡುತ್ತಾರೆ. ಬರೀ ಮಷಿನ್ ಹಚ್ಚಿ ಇಪ್ಪತ್ತು ನಿಮಿಷ ಮಲಗಿಸಿ, ಹತ್ತು ಸಲ ಬನ್ನಿ ಅಂತ ಮುಂಗಡ ಕೇಳುವ ಕಡೆ ಬೇರೆಯವರನ್ನು ನೋಡಿ. ಒಂದೇ ಜಾಗದ ನೋವು ಎರಡು ವಾರ ದಾಟಿದರೆ ಅಥವಾ ಅದೇ ನೋವು ಮತ್ತೆ ಮತ್ತೆ ಬರುತ್ತಿದ್ದರೆ ಗನ್ನಿಗೆ ಇಟ್ಟ ದುಡ್ಡನ್ನು ಇಲ್ಲಿ ಹಾಕಿ.

ಹಾಗಾದರೆ ನೀವು?

ಕೈಯಲ್ಲಿ ಸಾವಿರ ರೂಪಾಯಿ ಇದೆ, ವಾರಕ್ಕೆ ಮೂರು ದಿನ ಓಡುತ್ತೀರಿ: ರೋಲರ್ ತಗೊಳ್ಳಿ, ವಾರಕ್ಕೊಂದು ಎಣ್ಣೆ ಸ್ನಾನ ಇಟ್ಟುಕೊಳ್ಳಿ. ಬೇರೇನೂ ಬೇಡ. ಟೂರ್ನಮೆಂಟ್ ಆಡುವವರು, ಒಂದೇ ವಾರಾಂತ್ಯದಲ್ಲಿ ಮೂರ್ನಾಲ್ಕು ಮ್ಯಾಚ್ ಇರುವವರು: ತಂಡಕ್ಕೆಲ್ಲ ಸೇರಿ ಒಂದು ಗನ್, ಒಂದು ದೊಡ್ಡ ಡ್ರಮ್ಮಿನ ತಣ್ಣೀರು. ಹತ್ತು ಜನ ಹಂಚಿಕೊಂಡರೆ ಐಸ್ ಖರ್ಚು ಭಾರ ಅನ್ನಿಸುವುದಿಲ್ಲ. ಜಿಮ್ ಹುಡುಗರು ಐಸ್ ಬಿಟ್ಟು ಆ ದುಡ್ಡಿಗೆ ಮೊಟ್ಟೆ ತರಲಿ.

ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು ಹಿಡಿದವರಿಗೆ ಗನ್ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಹತ್ತು ನಿಮಿಷ ಹಾಯೆನಿಸಿ ಮತ್ತೆ ಹಿಡಿಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ, ಸ್ಕ್ರೀನನ್ನು ಕಣ್ಣಿನ ಎತ್ತರಕ್ಕೆ ತನ್ನಿ, ಸಂಜೆ ಶಾಖ ಕೊಡಿ, ಒಂದು ಸಲ ಫಿಸಿಯೋ ಹತ್ತಿರ ಹೋಗಿ ಭುಜ ಗಟ್ಟಿ ಮಾಡುವ ವ್ಯಾಯಾಮ ಕಲಿಯಿರಿ. ನಾಟಿ, ಕಳೆ, ಕೊಯ್ಲು ಅಂತ ಬಗ್ಗಿ ದುಡಿಯುವವರಿಗೆ ರಾತ್ರಿ ಬಿಸಿನೀರು, ಎಣ್ಣೆ ನೀವುವುದು, ಮತ್ತು ಕೆಲಸದ ನಡುವೆ ಗಂಟೆಗೊಮ್ಮೆ ನೆಟ್ಟಗೆ ನಿಂತು ಹಿಂದಕ್ಕೆ ಬಾಗುವುದು. ಸೊಂಟದ ನೋವು ಕಾಲಿಗೆ ಇಳಿದು ಜೋಮು ಹಿಡಿದರೆ ಸುಗ್ಗಿ ಮುಗಿಯಲಿ ಅಂತ ಕಾಯಬಾರದು.

ಅಪ್ಪ ಅಮ್ಮನಿಗೆ ಉಡುಗೊರೆಯಾಗಿ ಮಸಾಜ್ ಗನ್ ಕೊಡಬೇಕು ಅಂದುಕೊಂಡವರು ಇದ್ದೀರಿ. ಮೊದಲು ಅವರು ತಗೊಳ್ಳುವ ಮಾತ್ರೆಗಳ ಚೀಟಿ ನೋಡಿ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಗನ್ ಬಿಡಿ. ಮಂಡಿ ನೋವಾದರೆ ನಾಲ್ಕು ಸಲದ ಫಿಸಿಯೋ ಫೀಸು ಕಟ್ಟಿ, ಬಿಸಿನೀರಿನ ಚೀಲ ತಂದುಕೊಡಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲ್ ಹಿಡಿಕೆ ಹಾಕಿಸಿ. ಮೊದಲ ಭೇಟಿಗೆ ಜೊತೆಯಲ್ಲಿ ಹೋಗಿ, ಫಿಸಿಯೋ ಹೇಳಿದ ವ್ಯಾಯಾಮವನ್ನು ಫೋನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ.